ಎದ್ದು ಹೋಗಿ ಹೇಳಬೇಕಿದ್ದ ಮಾತು

ನೆಲದ ಮೇಲೆ ಸೀಮೆಸುಣ್ಣದಲ್ಲಿ ಊರುಗಳನ್ನು ಬರೆದು ಎದ್ದರೆಂದರೆ ನಮ್ಮ ಸಮಾಜ ಮಾಸ್ತರರ ಪ್ಯಾಂಟಿನ ಮೊಣಕಾಲುಗಳ ಮೇಲೆ ರೊಟ್ಟಿಯಗಲದ ಎರಡು ಬಿಳಿ ಕಲೆ. ಕೊಡವಿಕೊಳ್ಳುವ ಗೊಡವೆಗೂ ಹೋಗದೆ ಹಾಗೇ ತಾರ್ನಾಕದ ಬಸ್ಸು ಹತ್ತುತ್ತಿದ್ದರು. ಹೈದರಾಬಾದಿನಲ್ಲಿ ನಾನು ಕಲಿತ ಕನ್ನಡ ಶಾಲೆಯಲ್ಲಿ ಶನಿವಾರದ ಕೊನೆಯ ಪಿರಿಯಡ್ಡು ಅವರ ಆಟಕ್ಕೆ ಮೀಸಲು.

ಆಟ ಅವರೇ ಕಟ್ಟಿದ್ದು. ನಾಲ್ಕು ಊರು, ನಡುವೆ ಒಂದು ಕೆರೆ. ಕೆರೆಯ ನೀರೆಂದರೆ ಹುಣಸೆ ಬೀಜ. ಚೀಟಿ ಎತ್ತಿ ಒಬ್ಬ ದಿವಾನನಾಗಬೇಕು, ಉಳಿದವರು ಊರಿನವರು. ನೀರು ಎಂದೂ ನಾಲ್ಕೂ ಊರಿಗೆ ಸಾಲುತ್ತಿರಲಿಲ್ಲ. ಯಾವ ಊರಿಗೆ ತಪ್ಪಿಸಬೇಕೆಂದು ದಿವಾನ ತೀರ್ಮಾನಿಸಿ, ಆ ಊರಿನವನ ಎದುರಿಗೆ ಕೂತು, ಮುಖ ನೋಡಿ, ತಾನೇ ಹೇಳಬೇಕು. ಕೂತಲ್ಲಿಂದಲೇ ಕೂಗಿದರೆ ಮಾಸ್ತರರು ಒಪ್ಪುತ್ತಿರಲಿಲ್ಲ. “ಎದ್ದು ಹೋಗಿ ಹೇಳಪಾ. ಅವನೂ ಏನರೆ ಕೇಳೂದಿರ್ತೈತಿ,” ಎನ್ನುತ್ತಿದ್ದರು.

ನಾನು ದಿವಾನನಾದಾಗಲೆಲ್ಲ ನೀರು ತಪ್ಪುತ್ತಿದ್ದುದು ತರಗತಿಯ ಅತಿ ಮೆತ್ತಗಿನ ಹುಡುಗನ ಊರಿಗೆ. ಅವನು ಏನೂ ಕೇಳುತ್ತಿರಲಿಲ್ಲ, ಬೇಗ ಮುಗಿಯುತ್ತಿತ್ತು. ಮಾಸ್ತರರು ಒಮ್ಮೆ ನನ್ನ ಕಿವಿಯನ್ನು ನೋವಾಗದ ಹಾಗೆ ತಿರುವಿ, “ಭಾಳ ಶಾಣ್ಯಾ ಅದಿ. ಅಂಜೂ ಹುಡುಗನ್ನ ಹುಡುಕಿ ಹಿಡೀತಿ,” ಎಂದರು. ನಾನದನ್ನು ಹೊಗಳಿಕೆಯೆಂದೇ ಮನೆಯಲ್ಲಿ ಹೇಳಿಕೊಂಡು ತಿರುಗಿದೆ.

ಈಗ ಬೇಗಂಪೇಟೆಯಲ್ಲಿ ನನ್ನದೊಂದು ಆಫೀಸು. ಹಳೆಯ ವಿದ್ಯಾರ್ಥಿಯೆಂದು ಶಾಲೆಯ ಆಡಳಿತ ಸಮಿತಿಯಲ್ಲೊಂದು ಕುರ್ಚಿ. ಕನ್ನಡ ಮಾಧ್ಯಮದಲ್ಲಿ ಉಳಿದಿದ್ದವರು ಯಾದಗಿರಿ, ರಾಯಚೂರಿನ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಕೆಲವು ಮಕ್ಕಳು ಮಾತ್ರ. ನಿವೃತ್ತರಾದ ಮೇಲೂ ಮಾಸ್ತರರು ಬಂದು ಅವರಿಗೆ ಪಾಠ ಹೇಳುತ್ತಿದ್ದರು. ಆ ವಿಭಾಗವನ್ನು ಮುಚ್ಚುವ ಮಾತು ಬಂದಾಗ ಒಪ್ಪಿ ಕೈ ಎತ್ತಿದವರಲ್ಲಿ ನಾನೂ ಒಬ್ಬ. ಮಾಸ್ತರರಿಗೆ ತಿಳಿಸುವ ಕೆಲಸವನ್ನು, ಶಿಷ್ಯನೆಂದು, ನನಗೇ ವಹಿಸಿದರು.

ಹೇಳಲೆಂದೇ ಹೋದೆ. ಅಂದು ಶನಿವಾರವೆಂಬುದು ಮರೆತಿತ್ತು. ಮಾಸ್ತರರು ಹಿಗ್ಗಿಹೋದರು. ನನ್ನ ಕೈ ಹಿಡಿದು ಮಕ್ಕಳ ನಡುವೆ ಕೂರಿಸಿ ನನಗೂ ಒಂದು ಊರು ಕೊಟ್ಟರು. ದಿವಾನಗಿರಿ ಲಿಂಗಂಪಲ್ಲಿಯ ಕೂಲಿಗಳ ಶೆಡ್ಡಿನಿಂದ ಬರುವ ಹುಡುಗಿಯ ಪಾಲಿಗೆ ಬಂದಿತ್ತು. ಅವಳು ಬೀಜಗಳನ್ನು ಬಹಳ ಹೊತ್ತು ನೋಡಿ, ಎದ್ದು ಬಂದು, ನನ್ನೆದುರು ಚಕ್ಕಳಮಕ್ಕಳ ಹಾಕಿ ಕೂತಳು.

“ಈ ಸರ್ತಿ ನಿಮ್ಮೂರಿಗೆ ನೀರಿಲ್ರಿ ಸರ. ಏನರೆ ಕೇಳೂದೈತೇನ್ರಿ?”

ಮಾಸ್ತರರು ನನ್ನನ್ನೇ ನೋಡುತ್ತಿದ್ದರು. ಫೋನು ಬಂತೆಂದು ಸುಳ್ಳು ಹೇಳಿ ಎದ್ದು ಹೊರಬಂದವನು ಮತ್ತೆ ಒಳಗೆ ಹೋಗಲಿಲ್ಲ. ವಿಭಾಗ ಮುಚ್ಚಿದ ಸುದ್ದಿ ಅವರಿಗೆ ಸಿಕ್ಕಿದ್ದು ಶಾಲೆಯ ಗೇಟಿಗೆ ಅಂಟಿಸಿದ ನೋಟೀಸಿನಿಂದ.

ಆ ಚಳಿಗಾಲದಲ್ಲಿ ಮಾಸ್ತರರು ತೀರಿಕೊಂಡರು. ಮನೆಯವರನ್ನು ಮಾತಾಡಿಸಲು ಹೋದರೆ ಅವರ ಹೆಂಡತಿ ಬೈಯಲಿಲ್ಲ, ಚಹಾ ಕೊಟ್ಟರು. ಬೈದಿದ್ದರೆ ಹಗುರಾಗುತ್ತಿದ್ದೆನೇನೋ. ನಾನು ಬರುತ್ತೇನೆಂದು ಮಾಸ್ತರರು ಸಂಜೆ ಹೊತ್ತು ಬಾಗಿಲು ಹಾಕಗೊಡುತ್ತಿರಲಿಲ್ಲವಂತೆ.

“ನೋಟೀಸು ಓದಿ ಬಂದ ಮ್ಯಾಗೂ ಅವ ಬಂದು ಹೇಳ್ತಾನ ಅಂತಿದ್ರಪಾ. ಆ ದಿವಾನ ಪೋರಿ ಈಗ ಯಾವ ಸಾಲಿಗೆ ಹೋಗ್ತಾಳಂತ ನಿನ್ನ ಕೇಳೂದಿತ್ತಂತ.”

ಅವಳು ಯಾವ ಶಾಲೆಗೆ ಹೋಗುತ್ತಾಳೆ, ಹೋಗುತ್ತಾಳೋ ಇಲ್ಲವೋ, ನನಗೆ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ. ನನ್ನ ಆಫೀಸಿನ ಹತ್ತಿರದಿಂದಲೇ ಲಿಂಗಂಪಲ್ಲಿಗೆ ಲೋಕಲ್ ರೈಲಿದೆ. ನಾನಿನ್ನೂ ಹತ್ತಿಲ್ಲ.