ಹಿದುಕಿದ ಬೇಳೆ ಸರಿತಾಗೆ ಹೇಗೆ ಗೊತ್ತು?

ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಪಕ್ಕ ಒಂದು ನೋಟಿಸ್ ಬೋರ್ಡ್ ಇದೆ. ‘ನಾಳೆ ಸಂಪ್ ತೊಳೆಯುವುದರಿಂದ ಬೆಳಗ್ಗೆ ನೀರು ಬರುವುದಿಲ್ಲ. ದಯವಿಟ್ಟು ಇಂದೇ ತುಂಬಿಸಿಟ್ಟುಕೊಳ್ಳಿ’ ಎಂದು ದುಂಡಗಿನ ಅಕ್ಷರದಲ್ಲಿ, ಒಂದೂ ತಪ್ಪಿಲ್ಲದೆ ಬರೆದಿರುತ್ತದೆ. ಬರೆಯುವುದು ಯಾರು ಹೇಳಿ? ಬಸವೇಶ್ವರನಗರ ಹೊಲಗದ್ದೆಯಾಗಿದ್ದ ಕಾಲದಿಂದ ಇಲ್ಲೇ ಇದ್ದೇವೆ ಎನ್ನುವ ನಮ್ಮ ಸೆಕ್ರೆಟರಿಯೇ? ವಾರವಾರ ನಿಮ್ಮ ತಲೆ ತಿನ್ನುವ ನಾನೇ?

ಅಲ್ಲ. ವಾಚ್‌ಮನ್ ಮಗಳು ಸರಿತಾ. ನೇಪಾಳದವಳು.

(ನೇಪಾಳದವಳು ಎಂದು ನಾನೂ ಬರೆದೆ ನೋಡಿ. ಹುಟ್ಟಿದ್ದು ರಾಜಾಜಿನಗರದ ಆಸ್ಪತ್ರೆಯಲ್ಲಿ. ನೇಪಾಳ ನೋಡಿದ್ದು ಒಂದೇ ಸಲ, ಅಜ್ಜಿ ತೀರಿಕೊಂಡಾಗ. ಅವಳ ಅಪ್ಪನನ್ನು ಇಡೀ ಬಿಲ್ಡಿಂಗ್ ಬಹದ್ದೂರ್ ಎಂದು ಕರೆಯುತ್ತದೆ. ಅವರ ಹೆಸರು ಖೇಮರಾಜ್.)

ಸರಿತಾ ಮತ್ತು ನನ್ನ ಮಗ ನಿಶಾಂತ್ ಒಂದೇ ಶಾಲೆ, ಒಂದೇ ಕ್ಲಾಸು. ಕಳೆದ ವರ್ಷ, ಇಬ್ಬರೂ ಹತ್ತನೇ ತರಗತಿಯಲ್ಲಿದ್ದಾಗ, ಕನ್ನಡ ಮೇಷ್ಟ್ರು ಇಂಟರ್ನಲ್ ಮಾರ್ಕ್ಸಿಗೆ ಒಂದು ಪ್ರಬಂಧ ಕೊಟ್ಟರು. ಮನೆಯಲ್ಲಿ ಬರೆದು ತರಬೇಕು. ವಿಷಯ: ನನ್ನ ಊರು.

ಮನೆಯಲ್ಲಿ ಬರೆದು ತರಬೇಕು ಎಂದರೆ ಏನು ಅರ್ಥ ಎಂದು ಮಕ್ಕಳಿರುವ ಎಲ್ಲ ಮನೆಯವರಿಗೂ ಗೊತ್ತು. ಥರ್ಮಾಕೋಲಿನಲ್ಲಿ ಸೌರವ್ಯೂಹ ಮಾಡುವುದು ಅಪ್ಪ. ಚಾರ್ಟಿಗೆ ಬಣ್ಣ ಹಚ್ಚುವುದು ಅಕ್ಕ. ನಮ್ಮ ಮನೆಯಲ್ಲಿ ಕನ್ನಡ ಪ್ರಬಂಧ ನನ್ನ ಇಲಾಖೆ. ತಿಪಟೂರಿನ ಹತ್ತಿರ ನನ್ನ ಯಜಮಾನರ ಊರಿದೆ. ನಿಶಾಂತ್ ಅಲ್ಲಿಗೆ ಹೋಗುವುದು ಹಬ್ಬಕ್ಕೆ, ಹೋದ ಕೂಡಲೇ ನೆಟ್‌ವರ್ಕ್ ಹುಡುಕಿಕೊಂಡು ಮಾಳಿಗೆ ಹತ್ತುತ್ತಾನೆ. ಆ ಊರಿನ ಕೆರೆ, ಕೊಬ್ಬರಿ ಅಟ್ಟ, ತಾತನ ಕೆಮ್ಮು ಎಲ್ಲವನ್ನೂ ನಾನು ಸೊಗಸಾಗಿ ಹೇಳಿದೆ. ಅವನು ಗೊಣಗುತ್ತಾ ಬರೆದುಕೊಂಡ.

ವಾರದ ನಂತರ ಪ್ರಬಂಧ ವಾಪಸ್ ಬಂತು. ಹತ್ತಕ್ಕೆ ಹತ್ತು. ಕೆಳಗೆ ಕೆಂಪು ಇಂಕಿನಲ್ಲಿ, ‘ಸ್ವಂತ ಅನುಭವ. ಭೇಷ್.’

“ಕಂಗ್ರಾಟ್ಸ್ ಅಮ್ಮ, ನಿಂಗೆ ಫುಲ್ ಮಾರ್ಕ್ಸ್,” ಎಂದ ಮಗ. ಆಮೇಲೆ, ಶೂ ಬಿಚ್ಚುತ್ತಾ, “ಸರಿತಾಗೆ ನಾಲ್ಕೇ ಕಣಮ್ಮ. ಕಾಪಿ ಅಂತ ಬರೆದಿದಾರೆ. ಅವ್ಳು ವ್ಯಾನಲ್ಲಿ ಮಾತೇ ಆಡ್ಲಿಲ್ಲ.”

ನನಗೆ ನಂಬಲಾಗಲಿಲ್ಲ. ಕೆಳಗೆ ಹೋಗಿ ಸರಿತಾಳನ್ನು ಕೇಳಿದೆ. ಅವಳು ಪ್ರಬಂಧವನ್ನು ಕೊಟ್ಟು, ನಾನು ಓದಿ ಮುಗಿಸುವವರೆಗೂ ನೀರಿನ ಮೋಟರಿನ ಕಡೆಯೇ ನೋಡುತ್ತಾ ನಿಂತಳು. ‘ನನ್ನ ಊರು’ ಎಂದು ಅವಳು ಬರೆದಿದ್ದು ಬಸವೇಶ್ವರನಗರದ ಬಗ್ಗೆ. ಅದರಲ್ಲಿ ಒಂದು ಕಡೆ ಹೀಗಿತ್ತು:

‘ಅವರೆಕಾಯಿ ಕಾಲದಲ್ಲಿ ನಮ್ಮ ಊರಿನಲ್ಲಿ ಯಾರ ಕೈಯೂ ಸುಮ್ಮನೆ ಇರುವುದಿಲ್ಲ. ಟಿವಿ ನೋಡುತ್ತಲೇ ಎಲ್ಲರೂ ನೆನೆಸಿದ ಕಾಳು ಹಿದುಕುತ್ತಾರೆ. ನಮ್ಮ ಮನೆಗೂ ಒಂದು ಪಾತ್ರೆ ಕಾಳು ಕಳಿಸುತ್ತಾರೆ. ಅಮ್ಮ, ನಾನು ಹಿದುಕಿ ಕೊಡುತ್ತೇವೆ. ಆಮೇಲೆ ಸಾರು ಕೆಳಗೆ ಬರುತ್ತದೆಯೋ ಇಲ್ಲವೋ, ಅದು ಆಯಾ ಮನೆಗೆ ಬಿಟ್ಟದ್ದು.’

(ನಮ್ಮದು ಯಾವ ಮನೆ ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯವಿರಲಿಲ್ಲ.)

ಹದಿನೈದರ ಹುಡುಗಿ ಇಷ್ಟು ಸಲೀಸಾಗಿ ಬರೆಯುತ್ತಾಳೆ ಎಂದರೆ ಹೊಟ್ಟೆಕಿಚ್ಚಾಗುತ್ತದೆ. ನನಗೂ ಸ್ವಲ್ಪ ಆಯಿತು. ಅದರ ಕೆಳಗೇ ಕೆಂಪು ಇಂಕು: ‘ಸ್ವಂತ ಬರವಣಿಗೆಯಲ್ಲ.’

“ಹಿಂದಿಯಲ್ಲಿ ಎಷ್ಟು ಬಂತು?” ಎಂದೆ, ಏನಾದರೂ ಕೇಳಬೇಕಲ್ಲ ಎಂದು.

“ಫುಲ್, ಆಂಟಿ. ಹಿಂದಿ ಮಿಸ್ಸು ಓರಲ್ಸಲ್ಲಿ ನನ್ನನ್ನ ಕೇಳೋದೇ ಇಲ್ಲ. ‘ನಿಮ್ದು ಹಿಂದಿನೇ ಅಲ್ವೇನೇ’ ಅಂತ ಹಾಕ್ಬಿಡ್ತಾರೆ. ನಮ್ಮನೇಲಿ ನೇಪಾಳಿ. ಹಿಂದಿ ನಂಗೂ ನಿಶಾಂತ್‌ಗೆ ಬರೋಷ್ಟೇ ಬರೋದು.”

ನಿಶಾಂತನ ಹಿಂದಿ ನನಗೆ ಗೊತ್ತು. ಅವನಿಗೆ ಹಿಂದಿಯಲ್ಲಿ ಬರುವುದು ಜಾಹೀರಾತು ಮಾತ್ರ.

ಮಾರನೆಯ ದಿನವೇ ಶಾಲೆಗೆ ಹೋದೆ. “ನಿನಗ್ಯಾಕೆ ಊರ ಉಸಾಬರಿ?” ಎಂದರು ಯಜಮಾನರು. ನನ್ನ ಸಿಟ್ಟು ನಿಮಗೆ ಗೊತ್ತೇ ಇದೆ, ಆ ಹೊತ್ತಿಗೆ ಚಪ್ಪಲಿ ಹಾಕಿಯಾಗಿತ್ತು.

ಕನ್ನಡ ಮೇಷ್ಟ್ರು ಕೆಟ್ಟವರಾಗಿದ್ದರೆ ಈ ಅಂಕಣ ಬರೆಯುವುದು ಸುಲಭವಿತ್ತು. ಅವರು ಒಳ್ಳೆಯವರು. ಮಧ್ಯಾಹ್ನ ಊಟ ತರದ ಮಕ್ಕಳನ್ನು ಕರೆದು ತಮ್ಮ ಡಬ್ಬಿ ಹಂಚುವವರು. ಭಾನುವಾರವೂ ಬಂದು ಪುಕ್ಕಟೆ ಪಾಠ ಹೇಳುವವರು. ನನ್ನನ್ನು ಕಂಡ ಕೂಡಲೇ ಕುರ್ಚಿ ಎಳೆದು ಕೂರಿಸಿ ಕಾಫಿ ತರಿಸಿದರು.

“ಚೆನ್ನಾಗಿದೆ ಮೇಡಂ, ಅದೇ ನಂಗೆ ತೊಂದರೆ,” ಎಂದರು. “ಹಿದುಕಿದ ಬೇಳೆ ವಿಚಾರ ಆ ಹುಡುಗಿಗೆ ಹೇಗೆ ಗೊತ್ತಿರತ್ತೆ ಹೇಳಿ? ಹಿಮಾಲಯದ ಬಗ್ಗೆನೋ, ಅವ್ರ ಕಡೆ ಹಳ್ಳಿ ಬಗ್ಗೆನೋ ಬರೆದಿದ್ರೆ ನಾನೇ ಫುಲ್ ಕೊಡ್ತಿದ್ದೆ. ಊರು ಅಂದ್ರೆ ಅವಳಿಗೆ ಅದೇ ತಾನೆ?” ಆಮೇಲೆ ದನಿ ತಗ್ಗಿಸಿ, “ನೀವೂ ಅದೇ ಬಿಲ್ಡಿಂಗ್ ಅಲ್ವಾ? ನೀವೇ ಬರೆದುಕೊಟ್ಟಿರಬೇಕು ಅಂತ ನಂಗೆ ಡೌಟು.”

“ಬರೆದುಕೊಟ್ಟಿದ್ದು ನಾನೇ ಸರ್,” ಎಂದೆ. “ಆದ್ರೆ ಸರಿತಾಗಲ್ಲ. ನಿಶಾಂತ್‌ಗೆ. ಆ ಹತ್ತು ಮಾರ್ಕ್ಸ್ ನಂದು.”

ಒಂದು ಕ್ಷಣ ನನ್ನ ಮುಖ ನೋಡಿದರು. ಮಗನ ಮಾರ್ಕ್ಸ್ ಹೋಯಿತು, ಹೋಗಲಿ ಎಂದು ನಾನು ಗಟ್ಟಿಯಾಗಿ ಕೂತೆ. ಮೇಷ್ಟ್ರು ಜೋರಾಗಿ ನಕ್ಕರು.

“ತಮಾಷೆ ಮಾಡ್ತೀರ ಮೇಡಂ ನೀವು. ನಿಶಾಂತ್‌ದು ನೋಡಿದ್ರೇ ಗೊತ್ತಾಗತ್ತೆ, ಸ್ವಂತದ್ದು. ಅವನದು ಆ ಮಣ್ಣು. ಮೇಲೆ ನಿಮ್ಮ ಮಗ, ರಕ್ತದಲ್ಲೇ ಬಂದಿರತ್ತೆ.”

ನಾನು ಆಣೆ ಮಾಡಿದೆ. ಕೆರೆಯ ಹೆಸರು ನಿಶಾಂತನನ್ನು ಕರೆದು ಕೇಳಿ ಎಂದೆ. ಅವರು ಕೇಳಲಿಲ್ಲ. ನಾನು ಬಡ ಹುಡುಗಿಗಾಗಿ ಸ್ವಂತ ಮಗನ ಮೇಲೆ ಸುಳ್ಳು ಹೇಳುತ್ತಿದ್ದೇನೆ, ಎಷ್ಟು ದೊಡ್ಡ ಮನಸ್ಸು ಎಂದು ಅವರ ಕಣ್ಣು ತುಂಬಿತು. “ನೀವು ಇಷ್ಟು ಹೇಳಿದ ಮೇಲೆ ಇನ್ನೇನು ಮೇಡಂ. ಪಾಪ, ಅವಳಿಗೂ ಎಂಟು ಹಾಕ್ತೀನಿ ಬಿಡಿ,” ಎಂದು ನನ್ನೆದುರೇ ತಿದ್ದಿದರು.

ಸಿಟ್ಟು ಬಂದಿತ್ತು, ಆದರೂ ಎಂಟು ಬಂತಲ್ಲ ಎಂಬ ಸಮಾಧಾನ. ಸಂಜೆ ನಮ್ಮ ಬಿಲ್ಡಿಂಗಿನ ಗೇಟಿನ ಹತ್ತಿರವೇ ಸರಿತಾ ಸಿಕ್ಕಳು. ಹೇಳಿದೆ.

ಅವಳು ಒಂದೇ ಪ್ರಶ್ನೆ ಕೇಳಿದಳು. “ಸರ್ ಇನ್ನೊಂದ್ಸಲ ಓದಿದ್ರಾ, ಆಂಟಿ?”

ಇಲ್ಲ, ಓದಲಿಲ್ಲ. ನಾನು ಹೇಳಿದೆ ಎಂದು ಹಾಕಿದರು. ನಾಲ್ಕು ಬಂದಿದ್ದು ಅವಳ ಮುಖ ನೋಡಿ, ಎಂಟು ಬಂದಿದ್ದು ನನ್ನ ಮುಖ ನೋಡಿ. ನಾನು ಗೇಟಿನ ಚಿಲಕ ಹಾಕತೊಡಗಿದೆ. ಅವಳಿಗೆ ಅರ್ಥವಾಯಿತು. “ಥ್ಯಾಂಕ್ಸ್ ಆಂಟಿ,” ಎಂದು ಒಳಗೆ ಹೋದಳು. ಅಷ್ಟು ಬೇಜಾರಿನ ಥ್ಯಾಂಕ್ಸ್ ನನಗೆ ಯಾರೂ ಹೇಳಿರಲಿಲ್ಲ.

ಮೇಷ್ಟ್ರನ್ನು ಬೈಯುವುದು ಸುಲಭ. ಆದರೆ ಚೆನ್ನಾಗಿ ಕನ್ನಡ ಮಾತಾಡುವ ಸಾಬರ ಹುಡುಗನಿಗೆ “ಪರವಾಗಿಲ್ವೇ, ಎಷ್ಟು ಚೆನ್ನಾಗಿ ಮಾತಾಡ್ತೀಯ” ಎಂದು ನಾವು ಬೆನ್ನು ತಟ್ಟುವುದಿಲ್ಲವೇ, ಅವನೇನೋ ಮೊನ್ನೆ ಬಂದ ನೆಂಟ ಎಂಬಂತೆ? ಕಲಬುರಗಿಯಿಂದ ಬಂದವರ ಮಗು ತನ್ನ ಮನೆಯ ಮಾತನ್ನು ಹಾಗೇ ಬರೆದರೆ ಅದು ಒರಟು, ನಮ್ಮ ಮಗ ‘ಬರ್ತೀನಿ ಹೋಗ್ತೀನಿ’ ಎಂದು ಬರೆದರೆ ಸಹಜ. ಮಾರ್ಕ್ಸ್ ಹಾಕುವ ಕೆಲಸ ನಮಗಿಲ್ಲ ಎನ್ನುವುದೊಂದೇ ನಮಗೂ ಮೇಷ್ಟ್ರಿಗೂ ಇರುವ ವ್ಯತ್ಯಾಸ. ಇದ್ದಿದ್ದರೆ? ಯೋಚಿಸಿದರೆ ಹೆದರಿಕೆಯಾಗುತ್ತದೆ.

ಬೋರ್ಡ್ ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಿ ಹೆಸರಿರುವುದಿಲ್ಲ. ಯಾವುದೋ ಊರಿನ ಯಾರೋ ಮೇಷ್ಟ್ರು ತಿದ್ದುತ್ತಾರೆ. ಈ ಬೇಸಿಗೆಯಲ್ಲಿ ರಿಸಲ್ಟ್ ಬಂದಾಗ ಕನ್ನಡದಲ್ಲಿ ಇಡೀ ಶಾಲೆಗೆ ಸರಿತಾಳೇ ಮೊದಲು. ನಮ್ಮ ಮೇಷ್ಟ್ರು ಸ್ವೀಟ್ ಬಾಕ್ಸ್ ಹಿಡಿದು ಅವಳ ಮನೆಗೇ ಬಂದರು. ಅವಳ ಫೋಟೋ ಸ್ಟೇಟಸ್ಸಿಗೆ ಹಾಕಿ, ‘ನೇಪಾಳದ ಹುಡುಗಿಯ ಕನ್ನಡ ಪ್ರೇಮ’ ಎಂದು ಬರೆದರು. ನಿಜವಾದ ಖುಷಿಯಿಂದಲೇ ಬರೆದರು. ಅವಳ ಉತ್ತರ ಚೆನ್ನಾಗಿತ್ತು ಎಂದು ಮಾತ್ರ ಯಾರೂ ಬರೆಯಲಿಲ್ಲ.

ಮೊನ್ನೆ ಸರಿತಾ ವಿಜಯನಗರದ ಕಾಲೇಜೊಂದರಲ್ಲಿ ಪಿಯುಸಿಗೆ ಸೇರಿ ಬಂದಳು. ಮೆಟ್ಟಿಲ ಮೇಲೆ ಸಿಕ್ಕಾಗ ಯಾವ ಕೋರ್ಸು ಎಂದೆ. ಕಾಮರ್ಸ್ ಎಂದಳು.

“ಲ್ಯಾಂಗ್ವೇಜ್ ಕನ್ನಡ ತಾನೆ?”

“ಇಲ್ಲ ಆಂಟಿ, ಹಿಂದಿ.”

ನನಗೆ ಯಾರೋ ನನ್ನದನ್ನೇ ಕಿತ್ತುಕೊಂಡಷ್ಟು ಸಂಕಟವಾಯಿತು. “ಯಾಕೆ ಕಣೇ? ಹಿಂದಿ ನಿಂಗೆ ಅಷ್ಟು ಬರಲ್ಲ ಅಂದಿದ್ಯಲ್ಲ.”

ಅವಳು ಬೇಜಾರಿಲ್ಲದೆ, ಲೆಕ್ಕ ಬಿಡಿಸಿ ಹೇಳುವವಳ ಹಾಗೆ ಹೇಳಿದಳು. “ಪಿಯುಲೂ ಇಂಟರ್ನಲ್ಸ್ ಇರತ್ತಲ್ಲ ಆಂಟಿ. ಹಿಂದಿಲಾದ್ರೆ, ನಾನು ಬರೆದಿದ್ದನ್ನ ನಾನೇ ಬರೆದಿದ್ದು ಅಂತ ನಂಬ್ತಾರೆ.”