ವರಾಂಡದಲ್ಲಿ ನಿಲ್ಲುವ ಹಕ್ಕು

ಮೊದಲನೇ ದಿನ ನಾನು ಕ್ಲಾಸಿನ ಬಾಗಿಲಲ್ಲಿ ಕಾಣಿಸಿಕೊಂಡ ಕೂಡಲೇ ಬಿ.ಎ. ಮೊದಲ ಸೆಮಿಸ್ಟರಿನ ಹುಡುಗ ಹುಡುಗಿಯರೆಲ್ಲ ಎದ್ದು ನಿಂತು "ನಮಸ್ತೆ ಮೇಡಂ" ಎಂದರು. ಯಾವ ಮೇಡಂ ಬಂದರು ಅಂತ ನಾನೂ ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಮೂವತ್ತು ದಾಟಿದ ಹೆಂಗಸು, ಕಾಟನ್ ಸೀರೆ, ಕೊರಳಲ್ಲಿ ತಾಳಿ, ಹೆಗಲಿಗೆ ಮಗಳ ಹಳೇ ಸ್ಕೂಲ್ ಬ್ಯಾಗು, ಅದು ನಾನೇ. ಎರಡನೇ ಬೆಂಚಿಗೆ ಹೋಗಿ ಕೂತೆ. ಎದ್ದವರು ಕೂರಬೇಕೋ ಬೇಡವೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟರಲ್ಲಿ ಅಟೆಂಡರ್ ಬಂದು, "ಮಗಳ ಅಡ್ಮಿಷನ್ನೇನ್ರಿ ಅಕ್ಕಾರ? ಆಫೀಸು ಆ ಕಡಿ ಐತಿ ನೋಡ್ರಿ" ಎಂದ.

"ನನ್ನ ಅಡ್ಮಿಷನ್ ಆಗೇತ್ರಿ" ಎಂದೆ.

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಗಲಿ, ನನ್ನದೇನು ಹೋಯಿತು ಅಂದುಕೊಂಡೆ.

ಪಿಯುಸಿ ಮುಗಿದ ವರ್ಷವೇ ನನ್ನನ್ನು ಹೊಳಲಿನಿಂದ ಈ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು. ಆಮೇಲೆಲ್ಲ ಅಡುಗೆ, ಮಗಳು, ಮನೆ ಮುಂದಿನ ಕಿರಾಣಿ ಅಂಗಡಿ. ಮಗಳು ಹೈಸ್ಕೂಲು ಸೇರಿದ ಮೇಲೆ ನಾನು ಡಿಗ್ರಿ ಓದುತ್ತೇನೆ ಎಂದಾಗ ಗಂಡ ನಕ್ಕು, ಅವ್ವನನ್ನು ಕೇಳು ಎಂದು ಜಾರಿಕೊಂಡರು. ಅತ್ತೆ ನಗಲಿಲ್ಲ. ಗಲ್ಲಾದ ಮುಂದೆ ಕೂತೇ ತೀರ್ಪು ಕೊಟ್ಟರು.

"ಒಂದು ಸೆಮಿಸ್ಟರ್ ನೋಡೂನು. ಒಂದ ವಿಷಯ ಫೇಲಾದ್ರೂ ಬ್ಯಾಗು ಅಟ್ಟದ ಮ್ಯಾಲಿಟ್ಟು ಅಂಗಡ್ಯಾಗ ಕುಂದ್ರಬೇಕು."

ಒಪ್ಪಿದೆ. ಒಪ್ಪದೆ ಹೊಸ್ತಿಲು ದಾಟುವ ಹಾಗಿರಲಿಲ್ಲ.

ಇತಿಹಾಸದ ಪಾಠಕ್ಕೆ ಬಂದ ಅತಿಥಿ ಉಪನ್ಯಾಸಕನನ್ನು ನೋಡಿ ನಾನೂ, ನನ್ನನ್ನು ನೋಡಿ ಅವನೂ ಬೆಪ್ಪಾದೆವು. ಅವನು ಹೊಳಲಿನಲ್ಲಿ ನನ್ನ ತಮ್ಮನ ಜೊತೆ ಓದಿದವನು. ಶಾಲೆ ಬಿಟ್ಟ ಕೂಡಲೇ ನಮ್ಮ ಅಡುಗೆಮನೆಗೆ ನುಗ್ಗಿ, ನಾನು ಬಡಿದ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದವನು. ಈಗ ಇಸ್ತ್ರಿ ಮಾಡಿದ ಅಂಗಿ, ಗಂಟು ಮುಖ. ಹುಡುಗರಿಗೆ ಅವನೆಂದರೆ ಹೆದರಿಕೆ. ನಾನು ಕ್ಲಾಸಿನಲ್ಲಿ ಸರ್ ಎಂದೇ ಕರೆದೆ. ಅವನು ಮಾತ್ರ ಅಕ್ಕಾ ಅನ್ನುವುದನ್ನು ಬಿಡಲಿಲ್ಲ. ಪ್ರಶ್ನೆ ಕೇಳುತ್ತ ಬೆಂಚಿನಿಂದ ಬೆಂಚಿಗೆ ಬಂದವನು ನನ್ನನ್ನು ಹಾರಿಸಿ ಮುಂದಿನವರಿಗೆ ಹೋಗುತ್ತಿದ್ದ. ಮೊದಮೊದಲು ಬದುಕಿದೆಯಾ ಬಡಜೀವವೇ ಅನಿಸುತ್ತಿತ್ತು. ಬರಬರುತ್ತ ಅದೇ ಚುಚ್ಚತೊಡಗಿತು. ಉತ್ತರ ಗೊತ್ತಿದ್ದ ದಿನವೂ ನಾನು ಅವನಿಗೆ ಕಾಣುತ್ತಿರಲಿಲ್ಲ.

ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ತಂಬ್ರಹಳ್ಳಿ ಕಡೆಯವಳು, ಅವರ ಮನೆಯಲ್ಲಿ ಕಾಲೇಜು ಕಂಡ ಮೊದಲನೆಯವಳು. ಬಸ್ಸು ಬಂದಾಗ ಅವಳು ಬರುವುದು. ಒಂದು ದಿನ ನಾವಿಬ್ಬರೂ ತಡವಾಗಿ ಗೇಟಿನಲ್ಲಿ ಸಿಕ್ಕಿ, ಒಟ್ಟಿಗೆ ಓಡಿ ಇತಿಹಾಸದ ಕ್ಲಾಸಿನ ಬಾಗಿಲಿಗೆ ಬಂದು ನಿಂತೆವು. ಅವನು ಅವಳನ್ನು ನೋಡಿ, "ನೀ ಹೊರಗ ನಿಂದ್ರು" ಎಂದ. ನನ್ನ ಕಡೆ ತಿರುಗಿ, "ನೀವು ಬರ್ರಿ ಅಕ್ಕಾ, ಒಳಗ ಬರ್ರಿ" ಎಂದ.

ನನಗೆ ಮೈಯೆಲ್ಲ ಉರಿದುಹೋಯಿತು. ಬಸ್ಸಿಗೆ ಕಾದವಳಿಗೆ ಶಿಕ್ಷೆ, ಅಂಗಡಿಗೆ ಬಂದ ಎಣ್ಣೆ ಡಬ್ಬ ಇಳಿಸಿಕೊಂಡು ತಡವಾದ ನನಗೆ ಮರ್ಯಾದೆ. ಇದು ಯಾವ ನ್ಯಾಯ?

"ನಾನೂ ಲೇಟ ಬಂದೀನ್ರಿ ಸರ್" ಎಂದು ಅಲ್ಲೇ ನಿಂತೆ.

"ಹೋಗ್ರಿ ಆಂಟಿ, ನಿಮಗ್ಯಾಕ ಬೇಕು" ಎಂದು ಹುಡುಗಿ ಪಿಸುಗುಟ್ಟಿದಳು.

"ಕಿಟಕಿ ಐತಲ್ಲ, ಕೇಳು" ಎಂದೆ. ಆ ಪಾಠವನ್ನು ಇಬ್ಬರೂ ವರಾಂಡದಲ್ಲಿ ನಿಂತು, ನೋಟ್ಸನ್ನು ಗೋಡೆಗೆ ಒತ್ತಿ ಹಿಡಿದು ಬರೆದುಕೊಂಡೆವು. ಅವನು ಒಳಗಿನಿಂದ ಎರಡು ಸಲ ಇಣುಕಿ ನೋಡಿದ. ನಾನು ತಲೆ ಎತ್ತಲಿಲ್ಲ.

ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಇತಿಹಾಸದ ಸೆಮಿನಾರ್ ಬಂತು. ಒಬ್ಬೊಬ್ಬರೂ ಮುಂದೆ ನಿಂತು ಒಂದು ವಿಷಯ ಹೇಳಬೇಕು, ಉಳಿದವರು ಕೇಳಿದ್ದಕ್ಕೆ ಉತ್ತರ ಕೊಡಬೇಕು. ಆ ಅಂಕ ಪರೀಕ್ಷೆಯ ಅಂಕಕ್ಕೆ ಸೇರುತ್ತದೆ. ಹಿಂದಿನ ದಿನ ಅವನು ನನ್ನನ್ನು ಬದಿಗೆ ಕರೆದ.

"ಅಕ್ಕಾ, ನೀವು ಮುಂದ ಬಂದು ನಿಂದ್ರೂದು ಬ್ಯಾಡ. ಹುಡುಗ್ರು ನಗ್ತಾರ. ಒಂದೀಟು ಬರದು ಕೊಡ್ರಿ, ಪೂರ್ತಿ ಮಾರ್ಕ್ಸ್ ಹಾಕ್ತೀನಿ."

ಪ್ರೀತಿಯಿಂದಲೇ ಹೇಳಿದ. ಅತ್ತೆಯ ಷರತ್ತು ನನ್ನ ಕಣ್ಣ ಮುಂದೆ ಬಂತು. ಇತಿಹಾಸ ನನಗೆ ಕಷ್ಟವಿತ್ತು, ಆ ಅಂಕ ಇದ್ದರೆ ದಡ ಸೇರುತ್ತಿದ್ದೆ. ಆದರೆ ಬಾಯಿ ಸುಮ್ಮನಿರಲಿಲ್ಲ. ಆ ಹೊತ್ತಿಗೆ ಅವನು ಸರ್ ಆಗಿಯೂ ಉಳಿಯಲಿಲ್ಲ.

"ತಿಂದ ರೊಟ್ಟಿಗೆ ಮಾರ್ಕ್ಸ್ ಕೊಡ್ತಿಯೇನೋ? ಆ ರೊಟ್ಟಿ ನಾ ಸುಮ್ನ ಕೊಟ್ಟೀನಿ. ನನ್ನನ್ನೂ ಮುಂದ ನಿಂದ್ರಿಸು, ಎಲ್ರಿಗೂ ಕೇಳಿದಂಗ ಕೇಳು."

ಮರುದಿನ ನಿಂತೆ. ಚಿಕ್ಕಂದಿನಿಂದ ಆಡಿ ಬೆಳೆದ ಹೊಳಲಿನ ಅನಂತಶಯನ ಗುಡಿಯ ಬಗ್ಗೆ ಮಾತಾಡಿದೆ. ಹಿಂದಿನ ಬೆಂಚಿನವನೊಬ್ಬ ಎದ್ದು, ಆ ಮೂರ್ತಿ ಯಾರ ಕಾಲದ್ದು ಎಂದು ಕೇಳಿದ. ಗೊತ್ತಿಲ್ಲ ಎಂದೆ. ನಕ್ಕರು. "ನಗ್ರಿ. ಓದಿಕೊಂಡು ಬಂದು ನಾಳಿ ಹೇಳ್ತೀನಿ" ಎಂದೆ. ಮರುದಿನ ಓದಿಕೊಂಡು ಹೋದರೆ ಕೇಳಿದವನೇ ಬಂದಿರಲಿಲ್ಲ. ಬಂದವರಿಗೆ ಹೇಳಿದೆ. ನನಗೆ ಸಿಕ್ಕಿದ್ದು ಪೂರ್ತಿ ಅಂಕವಲ್ಲ, ಅರ್ಧಕ್ಕಿಂತ ಕಡಿಮೆ.

ಫಲಿತಾಂಶ ಮೊಬೈಲಿನಲ್ಲಿ ಬಂದಾಗ ಎಲ್ಲ ವಿಷಯದಲ್ಲೂ ಪಾಸಾಗಿದ್ದೆ, ಇತಿಹಾಸ ಒಂದನ್ನು ಬಿಟ್ಟು. ಕೂದಲೆಳೆಯಷ್ಟರಲ್ಲಿ ತಪ್ಪಿತ್ತು. ಸಂಜೆ ಇತಿಹಾಸದ ಉಪನ್ಯಾಸಕನೇ ಅಂಗಡಿಗೆ ಬಂದ. "ಅವತ್ತ ನನ್ನ ಮಾತು ಕೇಳಿದ್ರ ಪಾಸಾಗ್ತಿದ್ರಿ ಅಕ್ಕಾ" ಎಂದ. ಸಕ್ಕರೆ ತೂಗುತ್ತಿದ್ದ ಅತ್ತೆ ತಕ್ಕಡಿ ಕೆಳಗಿಟ್ಟು, ಏನು ಮಾತು ಎಂದು ವಿಚಾರಿಸಿದರು. ಅವನು ಎಲ್ಲ ಹೇಳಿದ.

"ಫುಕ್ಕಟ ಬಂದದ್ದು ಬ್ಯಾಡಂದ್ಲಾ?" ಎಂದು ಅತ್ತೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಆತು. ಮಾತು ಅಂದ್ರ ಮಾತು. ಬ್ಯಾಗು ಅಟ್ಟಕ್ಕಿಡು."

"ಇಡಂಗಿಲ್ಲ ಅತ್ತಿ. ಆ ಒಂದು ವಿಷಯ ಮತ್ತ ಬರೀತೀನಿ. ಇದರಾಗ ನನ್ನ ಮಾತೂ ಒಂದು ಇರ್ಲಿ."

ಮದುವೆಯಾಗಿ ಬಂದಾಗಿನಿಂದ ಅವರ ಎದುರು ಹಾಗೆ ಮಾತಾಡಿದ್ದು ಅದೇ ಮೊದಲು. ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವತ್ತಿನಿಂದ ಅತ್ತೆ ನನ್ನ ಜೊತೆ ಮಾತು ಬಿಟ್ಟರು. ನಾನು ಕಾಲೇಜು ಬಿಡಲಿಲ್ಲ.

ಎರಡನೇ ಸೆಮಿಸ್ಟರಿನ ಮೊದಲ ವಾರ. ಅತ್ತೆ ಬೆಳಗಿನ ಕೆಲಸಕ್ಕೆ ಕೈ ಹಾಕುವುದನ್ನೂ ನಿಲ್ಲಿಸಿದ್ದರಿಂದ ರೊಟ್ಟಿ ಬಡಿದು, ಅಂಗಡಿ ಕಸ ಹೊಡೆದು ಹೊರಡುವಷ್ಟರಲ್ಲಿ ತಡವಾಯಿತು. ತಂಬ್ರಹಳ್ಳಿಯ ಹುಡುಗಿಯೂ ಆಗಲೇ ಬಸ್ಸಿಳಿದು ಬಂದಿದ್ದಳು. ಬಾಗಿಲಲ್ಲಿ ನಿಂತೆವು. ಅವನು ಪಾಠ ನಿಲ್ಲಿಸಿ ಅವಳನ್ನು ನೋಡಿದ, ನನ್ನನ್ನು ನೋಡಿದ.

"ಇಬ್ರೂ ಹೊರಗ ನಿಂದರ್ರಿ" ಎಂದ.

"ಯಾಕ ಆಂಟಿ, ನಗಾಕತ್ತೀರಿ?" ಎಂದಳು ಹುಡುಗಿ.

ನಾನು ನೋಟ್ಸನ್ನು ಗೋಡೆಗೆ ಒತ್ತಿ ಹಿಡಿದೆ. "ಸುಮ್ನಿರು. ಕಿಟಕಿ ಕಡಿ ಸರಿ, ಪಾಠ ಕೇಳಸವಲ್ದು."