ಮುಲುಂಡ್‌ವರೆಗೆ ನಡೆಯಲು ಒಪ್ಪದ ಮಲ್ಲವ್ವ

ಕೋವಿಡ್ ಮುಗಿದ ಎರಡನೆಯ ವರ್ಷ ನಾನು ವಿಕ್ರೋಳಿಯ ಒಂದು ಸಮುದಾಯ ಆರೋಗ್ಯ ಕೇಂದ್ರದಲ್ಲಿ ಆಪ್ತಸಲಹೆಗಾರ್ತಿಯಾಗಿದ್ದೆ. ಅದಕ್ಕೂ ಮೊದಲು ಹದಿನೆಂಟು ವರ್ಷ ಕಾಂದಿವಲಿಯ ಬಿಲ್ಡಿಂಗುಗಳಲ್ಲಿ ಮನೆಮನೆಗೆ ಸೀರೆ ಮಾರಿದವಳು. ಡಿಗ್ರಿ ಇಲ್ಲ, ಆರು ತಿಂಗಳ ತರಬೇತಿ, ಮೇಲ್ವಿಚಾರಣೆಗೆ ಸೈಕಾಲಜಿಸ್ಟ್ ನೀತಾ ಮೇಡಂ, ಕೈಯಲ್ಲಿ ದಿನದಿನದ ಕೆಲಸ ಗುರುತು ಹಾಕಿಸುವ ಒಂದು ಚಾರ್ಟ್.

ಖಿನ್ನತೆಗೆ ನಾವು ಕೊಡುತ್ತಿದ್ದದ್ದು ಬಿಹೇವಿಯರಲ್ ಆ್ಯಕ್ಟಿವೇಶನ್. ಮನಸ್ಸು ಸರಿಹೋಗಲಿ ಎಂದು ಕಾಯದೆ, ಸಣ್ಣ ಕೆಲಸಗಳಿಂದಲೇ ಮನಸ್ಸನ್ನು ಎಬ್ಬಿಸುವ ಚಿಕಿತ್ಸೆ. ಒಟ್ಟು ಎಂಟು ಸೆಶನ್.

ಮಲ್ಲವ್ವ (ಹೆಸರು ಬದಲಿಸಿದ್ದೇನೆ) ವಿಜಯಪುರ ಕಡೆಯವರು, ಸ್ಟೇಶನ್ ಹೊರಗೆ ತರಕಾರಿ ಮಾರುವವರು. ಮೂರು ತಿಂಗಳಿಂದ ಚಾಳಿನ ಖೋಲಿ ಬಿಟ್ಟು ಹೊರಬಂದಿರಲಿಲ್ಲ. ನಾನೇ ಹೋಗುತ್ತಿದ್ದೆ. "ದಿನಾ ಬೆಳಿಗ್ಗೆ ಅರ್ಧ ಗಂಟೆ ನಡೀರಿ" ಎಂದರೆ "ಹೂಂ ರೀ" ಎನ್ನುತ್ತಿದ್ದರು. ಮುಂದಿನ ವಾರ ಚಾರ್ಟ್ ಖಾಲಿ. ನಾಲ್ಕು ವಾರ ಹೀಗೇ. ಐದನೆಯದರಲ್ಲೂ ಬದಲಾವಣೆ ಕಾಣದಿದ್ದರೆ ಆಸ್ಪತ್ರೆಗೆ ಕಳಿಸೋಣ ಎಂದರು ನೀತಾ ಮೇಡಂ. ಸರಿಯಾದ ನಿಯಮವೇ. ಆದರೆ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲವೆಂದು ಮಲ್ಲವ್ವ ಮೊದಲ ದಿನವೇ ಹೇಳಿದ್ದರು. ನನ್ನ ಕೈ ತಪ್ಪಿದರೆ ಅವರಿಗೆ ಯಾವ ಚಿಕಿತ್ಸೆಯೂ ಇರುತ್ತಿರಲಿಲ್ಲ.

ಐದನೆಯ ಸೆಶನ್‌ಗೆ ಹೋಗುವ ದಾರಿಯಲ್ಲಿ ಹೊಳೆಯಿತು: ಹೇಳಿದ ಬೆಲೆಗೆ ತಕ್ಷಣ "ಆಯ್ತು" ಎನ್ನುವ ಗಿರಾಕಿ ಸೀರೆ ಕೊಳ್ಳುವುದಿಲ್ಲ, ನಮ್ಮನ್ನು ಸಾಗಹಾಕುತ್ತಾಳೆ; ಕೊಳ್ಳುವವಳು ಚೌಕಾಸಿ ಮಾಡುತ್ತಾಳೆ. ಚಾರ್ಟನ್ನು ಚೀಲದಿಂದ ತೆಗೆಯಲೇ ಇಲ್ಲ.

"ನಾಳೆಯಿಂದ ಒಂದು ತಾಸು ನಡೀಬೇಕು."

"ಹೂಂ ರೀ."

"ಎರಡು ತಾಸು."

"ಹೂಂ ರೀ."

"ನಾಲ್ಕು ಸ್ಟೇಶನ್ ಆಚೆ ಮುಲುಂಡ್‌ವರೆಗೆ ನಡೆದು ಹೋಗಿ ಬರಬೇಕು."

ಮಲ್ಲವ್ವ ತಲೆ ಎತ್ತಿದರು. "ಹುಚ್ಚ ಹಿಡದೈತೇನ್ರಿ ನಿಮಗ? ಲೋಕಲ್ ಗಾಡಿ ಎದಕ್ಕೈತಿ ಮತ್ತ?"

ನನಗೆ ಎದ್ದು ಕುಣಿಯುವಷ್ಟು ಖುಷಿ. ತೋರಿಸಿಕೊಳ್ಳದೆ, "ಹಾಗಾದರೆ ನೀವೇ ಹೇಳಿ" ಎಂದೆ.

"ಚಾಳಿನ ನಳದ ತನಕಾ."

"ಬೆಳಿಗ್ಗೆ ಎರಡು ಸಲ."

"ಒಂದ ಸಲ. ಅದೂ ಸಂಜೀಕ. ಮುಂಜಾನೆ ಎಲ್ಲಾರೂ ಬುಟ್ಟಿ ಹೊತ್ಕೊಂಡ್ ಹೊಂಟಿರ್ತಾರ. ಅವರ ಎದುರಿಗೆ ನಾ ಖಾಲಿ ತಲೀಲೆ ಹೆಂಗ್ ಹೋಗ್ಲಿ ಅಕ್ಕಾರ?"

ನಾಲ್ಕು ವಾರ ನಾನು ನಡೆಯಿರಿ ಎಂದು ಒತ್ತಾಯಿಸಿದ್ದು ಅವರು ದಿನದಲ್ಲಿ ಅತಿ ಹೆಚ್ಚು ಹೆದರುವ ಹೊತ್ತಿಗೇ. ಚಾರ್ಟಿಗೆ ಅದು ಗೊತ್ತಿರಲಿಲ್ಲ, ನಾನೂ ಕೇಳಿರಲಿಲ್ಲ. ಸಂಜೆ, ಒಂದು ಸಲ ಎಂದು ವ್ಯವಹಾರ ಕುದುರಿತು. ಮುಂದಿನ ವಾರ ಅವರು ಏಳು ಸಂಜೆಗಳಲ್ಲಿ ಐದು ಸಂಜೆ ನಳದವರೆಗೆ ಹೋಗಿದ್ದರು. ನೀತಾ ಮೇಡಂ ಚಿಕಿತ್ಸೆ ಮುಂದುವರಿಸಲು ಒಪ್ಪಿ, ಉಳಿದ ಸೆಶನ್‌ಗಳ ಯೋಜನೆಯನ್ನು ಮಲ್ಲವ್ವನ ಜೊತೆ ಕೂತೇ ಬರೆಯಲು ಹೇಳಿದರು. ಎಂಟನೆಯದಕ್ಕೆ ನಾನು ಹೋದಾಗ ಖೋಲಿಗೆ ಬೀಗ; ಮಲ್ಲವ್ವ ಸ್ಟೇಶನ್ ಹೊರಗೆ ಕೊತ್ತಂಬರಿ ಮಾರುತ್ತಿದ್ದರು.

ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ನನ್ನದೊಂದೇ ಸಲಹೆ. ಎದುರಿಗಿರುವವರು ತಕ್ಷಣ ಒಪ್ಪಿದರೆ ಗಾಬರಿಪಡಿ; ಚೌಕಾಸಿಗೆ ಇಳಿದರೆ ಇನ್ನೂ ಸ್ವಲ್ಪ ಹೊತ್ತು ಕೂತಿರಿ.